ಪ್ರಸಂಗಪೀಠದಿಂದ ಆಟದಂಗಳಕ್ಕೆ: ಜೇಮ್ಸ್ ನೈಸ್ಮಿತ್ ಎಂಬ ಗುರು

ಬ್ಯಾಸ್ಕೆಟ್‌ಬಾಲ್ ಆಟವನ್ನು ರೂಪಿಸಿದ ಜೇಮ್ಸ್ ನೈಸ್ಮಿತ್ 1939ರ ನವೆಂಬರ್ 28ರಂದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಪಟ್ಟಣದಲ್ಲಿ ತೀರಿಕೊಂಡರು. ಆಗ ಅವರಿಗೆ 78 ವರ್ಷ. ಅವರು ಪ್ರೆಸ್ಬಿಟೇರಿಯನ್ ಚರ್ಚಿನ ದೀಕ್ಷೆ ಪಡೆದ ಪಾದ್ರಿ, ವೈದ್ಯಕೀಯ ಪದವೀಧರ, ಸೇನೆಯ ಧರ್ಮಗುರು, ದೈಹಿಕ ಶಿಕ್ಷಣದ ಪ್ರಾಧ್ಯಾಪಕ, ಕ್ಯಾನ್ಸಸ್ ವಿಶ್ವವಿದ್ಯಾಲಯದ ಮೊದಲ ಬ್ಯಾಸ್ಕೆಟ್‌ಬಾಲ್ ತರಬೇತುದಾರ. ಜಗತ್ತು ಅವರನ್ನು ಒಂದು ಆಟದ ಜನಕನೆಂದು ನೆನೆಯುತ್ತದೆ. ಅವರ ದೃಷ್ಟಿಯಲ್ಲಾದರೋ ಈ ಕೆಲಸಗಳೆಲ್ಲ ಬೇರೆ ಬೇರೆ ಆಗಿರಲಿಲ್ಲ. ಯುವಕರ ನಡತೆಯನ್ನು ತಿದ್ದಿ ಬೆಳೆಸುವ ಒಂದೇ ಸೇವೆಯನ್ನು ಅವರು ಚರ್ಚಿನಲ್ಲೂ ವ್ಯಾಯಾಮಶಾಲೆಯಲ್ಲೂ ಮಾಡಿದರು. ಅವರು ಬರೆದ ಆಟದ ನಿಯಮಗಳಲ್ಲೂ ಅವರ ಕೈಕೆಳಗೆ ಕಲಿತವರ ಬದುಕಿನಲ್ಲೂ ಆ ಸೇವೆಯ ಗುರುತು ಉಳಿದಿದೆ.

ಬಾಲ್ಯ ಮತ್ತು ಓದು

ನೈಸ್ಮಿತ್ ಹುಟ್ಟಿದ್ದು 1861ರ ನವೆಂಬರ್ 6ರಂದು, ಈಗಿನ ಕೆನಡಾದ ಒಂಟಾರಿಯೊ ಪ್ರಾಂತ್ಯದ ಅಲ್ಮಾಂಟ್ ಎಂಬ ಊರಿನ ಹತ್ತಿರ. ಸ್ಕಾಟ್ಲೆಂಡಿನಿಂದ ವಲಸೆ ಬಂದ ಕುಟುಂಬ ಅವರದು. 1870ರಲ್ಲಿ ಟೈಫಾಯ್ಡ್ ಜ್ವರ ಕೆಲವೇ ವಾರಗಳ ಅಂತರದಲ್ಲಿ ತಂದೆಯನ್ನೂ ತಾಯಿಯನ್ನೂ ಕೊಂಡೊಯ್ದಿತು. ಒಂಬತ್ತರ ಹರೆಯದಲ್ಲೇ ತಬ್ಬಲಿಯಾದ ಹುಡುಗನನ್ನು, ಅವನ ಅಕ್ಕ ಮತ್ತು ತಮ್ಮನನ್ನು ಮೊದಲು ಅಜ್ಜಿ, ಆಮೇಲೆ ಅವಿವಾಹಿತನಾಗಿದ್ದ ಸೋದರಮಾವ ಪೀಟರ್ ಯಂಗ್ ಸಾಕಿದರು. ಮಾವ ದೈವಭಕ್ತ, ಶಿಸ್ತಿನ ಮನುಷ್ಯ. ಹೊಲದ ಕೆಲಸ, ಕಾಡಿನಲ್ಲಿ ಮರ ಕಡಿಯುವುದು, ಭಾನುವಾರದ ಆರಾಧನೆ, ಇವು ಆ ಮನೆಯ ದಿನಚರಿ.

ಹಳ್ಳಿಯ ಕಮ್ಮಾರಸಾಲೆಯ ಹಿಂದೆ ಒಂದು ದೊಡ್ಡ ಬಂಡೆಯಿತ್ತು. ಅದರ ಸುತ್ತ ಹುಡುಗರು ‘ಡಕ್ ಆನ್ ಎ ರಾಕ್’ ಎಂಬ ಆಟ ಆಡುತ್ತಿದ್ದರು. ಬಂಡೆಯ ಮೇಲೆ ಮುಷ್ಟಿಗಿಂತ ತುಸು ದೊಡ್ಡದಾದ ಒಂದು ಕಲ್ಲು. ಅದನ್ನು ಕಾಯಲು ಒಬ್ಬ ಹುಡುಗ. ಉಳಿದವರು ದೂರದಿಂದ ತಮ್ಮ ಕಲ್ಲೆಸೆದು ಅದನ್ನು ಉರುಳಿಸಬೇಕು, ಕಾವಲುಗಾರ ಮುಟ್ಟುವ ಮೊದಲೇ ತಮ್ಮ ಕಲ್ಲನ್ನು ಹೆಕ್ಕಿಕೊಂಡು ಗೆರೆಗೆ ಓಡಬೇಕು. ಬೀಸಿ ನೇರವಾಗಿ ಎಸೆದರೆ ಗುರಿ ತಪ್ಪಿದ ಕಲ್ಲು ಬಹುದೂರ ಹೋಗಿ ಬೀಳುತ್ತಿತ್ತು, ತರಲು ಹೋದವನು ಸಿಕ್ಕಿಬೀಳುತ್ತಿದ್ದ. ಕಲ್ಲನ್ನು ಮೇಲಕ್ಕೆ ಕಮಾನಿನಂತೆ ಮೆಲ್ಲಗೆ ಎಸೆದವನಿಗೆ ಗೆಲುವು ಹೆಚ್ಚು. ಬಲಕ್ಕಿಂತ ಕೈಯ ಹದ ಮುಖ್ಯ ಎಂಬ ಈ ಪಾಠ ಇಪ್ಪತ್ತು ವರ್ಷಗಳ ಮೇಲೆ ಉಪಯೋಗಕ್ಕೆ ಬಂತು.

ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟ ನೈಸ್ಮಿತ್ ಕೆಲವು ವರ್ಷ ಮರ ಕಡಿಯುವ ತಂಡಗಳಲ್ಲಿ ದುಡಿದರು. ಪಾದ್ರಿಯಾಗಬೇಕೆಂಬ ಆಸೆ ಅವರನ್ನು ಮತ್ತೆ ಶಾಲೆಗೆ ಎಳೆದು ತಂದಿತು. 1883ರಲ್ಲಿ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯ ಸೇರಿ 1887ರಲ್ಲಿ ಬಿ.ಎ. ಮುಗಿಸಿದರು. ಬಳಿಕ ಅದೇ ನಗರದ ಪ್ರೆಸ್ಬಿಟೇರಿಯನ್ ಕಾಲೇಜಿನಲ್ಲಿ ದೇವಶಾಸ್ತ್ರ ಓದಿ 1890ರಲ್ಲಿ ತೇರ್ಗಡೆಯಾದರು. ಓದಿನ ಜೊತೆಗೆ ಫುಟ್‌ಬಾಲ್, ಲಕ್ರಾಸ್ ಆಡಿದರು, ಮೆಕ್‌ಗಿಲ್‌ನ ವ್ಯಾಯಾಮಶಾಲೆಯಲ್ಲಿ ಶಿಕ್ಷಕರಾದರು.

ಪಾದ್ರಿಯಾಗುವವನಿಗೆ ಇದೆಲ್ಲ ಸಲ್ಲದು ಎಂಬುದು ಆ ಕಾಲದ ಧಾರ್ಮಿಕರ ಸಾಮಾನ್ಯ ನಿಲುವು. ಒರಟಾದ ಫುಟ್‌ಬಾಲ್ ಅನೇಕರ ಕಣ್ಣಿಗೆ ಸೈತಾನನ ಹತಾರವಾಗಿತ್ತು. ಮೈದಾನದಲ್ಲಿ ಪೆಟ್ಟು ತಿಂದು ಕಪ್ಪಾದ ಕಣ್ಣಿನಲ್ಲೇ ನೈಸ್ಮಿತ್ ಭಾನುವಾರ ಪ್ರಸಂಗ ಮಾಡಿದ್ದೂ ಉಂಟು. ಅವರ ಮನಸ್ಸು ತಿರುಗಿದ್ದು ಒಂದು ಪಂದ್ಯದಲ್ಲಿ. ಪಕ್ಕದಲ್ಲಿ ಆಡುತ್ತಿದ್ದ ಜೊತೆಗಾರ ಸಿಟ್ಟಿನಿಂದ ಬೈಗುಳದ ಮಾತಾಡಿದ. ಮರುಗಳಿಗೆಯೇ ನೈಸ್ಮಿತ್ ಅಲ್ಲಿರುವುದು ನೆನಪಾಗಿ ಕ್ಷಮೆ ಕೇಳಿದ. ನೈಸ್ಮಿತ್ ಅವನಿಗೆ ಎಂದೂ ಬುದ್ಧಿಮಾತು ಹೇಳಿದವರಲ್ಲ. ನಡತೆಯೇ ಆ ಕೆಲಸ ಮಾಡಿತ್ತು. ಪ್ರಸಂಗಪೀಠದಿಂದ ತಲುಪಲಾಗದ ಯುವಕರನ್ನು ಆಟದ ಮೂಲಕ ತಲುಪಬಹುದು ಎಂದು ಅವರಿಗೆ ಮನವರಿಕೆಯಾಯಿತು. ಮಾಂಟ್ರಿಯಲ್ ವೈಎಂಸಿಎ ಕಾರ್ಯದರ್ಶಿಯೊಡನೆ ಸಮಾಲೋಚಿಸಿ, ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಯ ದಾರಿ ಹಿಡಿದರು. ಚರ್ಚಿನ ವೃತ್ತಿ ಬಿಟ್ಟ ಈ ನಿರ್ಧಾರವನ್ನು ಅಕ್ಕ ಆನಿ ಕೊನೆಯವರೆಗೂ ಮನಸಾರೆ ಒಪ್ಪಲಿಲ್ಲ.

ವೈಎಂಸಿಎ ಮತ್ತು ಸ್ಪ್ರಿಂಗ್‌ಫೀಲ್ಡ್

ಕ್ರೈಸ್ತ ಯುವಜನರ ಸಂಘವಾದ ವೈಎಂಸಿಎಯನ್ನು 1844ರಲ್ಲಿ ಜಾರ್ಜ್ ವಿಲಿಯಮ್ಸ್ ಲಂಡನ್‌ನಲ್ಲಿ ಆರಂಭಿಸಿದ್ದರು. ಕೈಗಾರಿಕೆ ಬೆಳೆದ ನಗರಗಳಿಗೆ ಹಳ್ಳಿಗಳಿಂದ ಬಂದು ಸೇರುತ್ತಿದ್ದ ತರುಣರಿಗೆ ಪ್ರಾರ್ಥನೆ, ಬೈಬಲ್ ಓದು, ಒಳ್ಳೆಯ ಸಹವಾಸ ಒದಗಿಸುವುದು ಮೊದಲ ಉದ್ದೇಶ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಶಾಖೆಗಳು ವ್ಯಾಯಾಮಶಾಲೆಗಳನ್ನೂ ಕಟ್ಟಿದವು. ದೇಹವೂ ದೇವರ ಕೊಡುಗೆ, ಅದನ್ನು ಗಟ್ಟಿಗೊಳಿಸುವುದೂ ಧರ್ಮ ಎಂಬ ವಿಚಾರ ಆಗ ಇಂಗ್ಲೆಂಡ್, ಅಮೆರಿಕಗಳಲ್ಲಿ ಹಬ್ಬಿತ್ತು. ಸ್ಪ್ರಿಂಗ್‌ಫೀಲ್ಡ್ ಶಾಲೆಯ ದೈಹಿಕ ಶಿಕ್ಷಣ ವಿಭಾಗದ ಮುಖ್ಯಸ್ಥರಾಗಿದ್ದ ಲೂಥರ್ ಗುಲಿಕ್ ಈ ವಿಚಾರಕ್ಕೆ ಚಿಹ್ನೆಯನ್ನೇ ಕೊಟ್ಟರು. ದೇಹ, ಮನಸ್ಸು, ಆತ್ಮ ಮೂರನ್ನೂ ಸೂಚಿಸುವ ತ್ರಿಕೋನ ವೈಎಂಸಿಎ ಲಾಂಛನವಾಯಿತು.

ತರಬೇತುದಾರಿಕೆ ಎಂಬ ವೃತ್ತಿ ಅಮೆರಿಕದಲ್ಲಿ ಆಗಷ್ಟೇ ರೂಪುಗೊಳ್ಳುತ್ತಿತ್ತು. ಚರ್ಚಿನ ಒಲವಿದ್ದ ಹಲವು ತರುಣರು ಅದನ್ನು ಆರಿಸಿಕೊಂಡರು. ಯೇಲ್‌ನಲ್ಲಿ ದೇವಶಾಸ್ತ್ರ ಓದಲು ಹೋಗಿ, ಪ್ರಸಂಗ ತನಗೆ ಒಲಿಯದೆಂದು ಕ್ರೀಡೆಗೆ ತಿರುಗಿದ ಏಮಸ್ ಅಲೊನ್ಜೊ ಸ್ಟಾಗ್ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನೈಸ್ಮಿತ್ ಅವರ ಸಂಗಾತಿ. ಸ್ಟಾಗ್ ಕಟ್ಟಿದ ಶಾಲೆಯ ಫುಟ್‌ಬಾಲ್ ತಂಡದಲ್ಲಿ ನೈಸ್ಮಿತ್ ನಡುವಿನ ಸ್ಥಾನದಲ್ಲಿ ಆಡಿದರು. ಮುಂದೆ ಸ್ಟಾಗ್ ಶಿಕಾಗೊ ವಿಶ್ವವಿದ್ಯಾಲಯದ ಹೆಸರಾಂತ ಫುಟ್‌ಬಾಲ್ ತರಬೇತುದಾರರಾದರು.

ಎರಡು ಬುಟ್ಟಿ, ಹದಿಮೂರು ನಿಯಮ

1891ರ ಚಳಿಗಾಲದಲ್ಲಿ ಸ್ಪ್ರಿಂಗ್‌ಫೀಲ್ಡ್ ಶಾಲೆಗೆ ಒಂದು ತರಗತಿ ತಲೆನೋವಾಯಿತು. ಅದರಲ್ಲಿದ್ದ 18 ಮಂದಿ ವೈಎಂಸಿಎ ಕಾರ್ಯದರ್ಶಿಗಳಾಗಲು ಬಂದ ವಯಸ್ಕರು. ಹೊರಗೆ ಹಿಮ ಬೀಳುವ ಕಾಲದಲ್ಲಿ ಒಳಾಂಗಣದಲ್ಲಿ ಕವಾಯತು, ಕಸರತ್ತು ಮಾಡಲು ಅವರಿಗೆ ಬೇಸರ. ಇಬ್ಬರು ಶಿಕ್ಷಕರು ಸೋತು ಕೈಬಿಟ್ಟ ಮೇಲೆ ಗುಲಿಕ್ ಆ ತರಗತಿಯನ್ನು ನೈಸ್ಮಿತ್‌ಗೆ ಒಪ್ಪಿಸಿದರು. ಒಳಗೆ ಆಡಬಹುದಾದ, ಆಸಕ್ತಿ ಕೆರಳಿಸುವ, ಮೈಕೈ ಮುರಿಯದ ಹೊಸ ಆಟವನ್ನು ರೂಪಿಸಲು ಅವರಿಗೆ ಸಿಕ್ಕಿದ್ದು ಎರಡು ವಾರ.

ಮೊದಲು ಅವರು ಫುಟ್‌ಬಾಲ್, ಸಾಕರ್, ಲಕ್ರಾಸ್ ಆಟಗಳನ್ನೇ ತುಸು ಬದಲಿಸಿ ಒಳಾಂಗಣಕ್ಕೆ ತಂದರು. ಒಂದೂ ಹೊಂದಲಿಲ್ಲ. ಪೆಟ್ಟುಗಳಾದವು, ಕಿಟಕಿಗಳು ಅಪಾಯಕ್ಕೆ ಸಿಕ್ಕವು. ಆಮೇಲೆ ಅವರು ಆಟಗಳ ಒಳಗಿನ ಕಟ್ಟನ್ನೇ ಬಿಡಿಸಿ ನೋಡಿದರು. ಫುಟ್‌ಬಾಲ್ ಏಕೆ ಒರಟು? ಚೆಂಡು ಹಿಡಿದವನನ್ನು ಎಳೆದು ಕೆಡವುತ್ತಾರೆ ಎಂಬುದಕ್ಕೆ. ಏಕೆ ಕೆಡವುತ್ತಾರೆ? ಅವನು ಚೆಂಡು ಹಿಡಿದು ಓಡುತ್ತಾನೆ ಎಂಬುದಕ್ಕೆ. ಹಾಗಾದರೆ ಓಟವನ್ನೇ ತೆಗೆದುಹಾಕಿದರೆ ಕೆಡವುವ ಕಾರಣವೇ ಉಳಿಯದು. ಇನ್ನು ಗುರಿ. ನೆಲದ ಮೇಲೆ ನೆಟ್ಟಗೆ ನಿಂತ ಗುರಿಯಾದರೆ ಆಟಗಾರ ಚೆಂಡನ್ನು ಬಲವಾಗಿ ಬೀಸುತ್ತಾನೆ. ಗುರಿಯ ಬಾಯಿ ಮೇಲ್ಮುಖವಾಗಿದ್ದು ತಲೆಗಿಂತ ಎತ್ತರದಲ್ಲಿದ್ದರೆ ಚೆಂಡನ್ನು ಮೆಲ್ಲಗೆ ಕಮಾನಿನಂತೆ ಎಸೆಯಲೇಬೇಕು. ಅಲ್ಮಾಂಟ್‌ನ ಬಂಡೆಯಾಟ ಕಲಿಸಿದ್ದ ಪಾಠ ಇಲ್ಲಿ ಆಟದ ತಿರುಳಾಯಿತು.

ಹದಿನೆಂಟು ಅಂಗುಲದ ಎರಡು ಪೆಟ್ಟಿಗೆ ಸಿಗುತ್ತದೆಯೇ ಎಂದು ನೈಸ್ಮಿತ್ ಶಾಲೆಯ ಕಟ್ಟಡ ನೋಡಿಕೊಳ್ಳುತ್ತಿದ್ದ ಸ್ಟೆಬಿನ್ಸ್ ಅವರನ್ನು ಕೇಳಿದರು. ಪೆಟ್ಟಿಗೆ ಇರಲಿಲ್ಲ. ಉಗ್ರಾಣದಲ್ಲಿದ್ದ ಎರಡು ಪೀಚ್ ಹಣ್ಣಿನ ಬುಟ್ಟಿಗಳನ್ನು ಅವರು ತಂದುಕೊಟ್ಟರು. ವ್ಯಾಯಾಮಶಾಲೆಯ ಎರಡು ತುದಿಗಳಲ್ಲಿ ಮೇಲಂತಸ್ತಿನ ಮೊಗಸಾಲೆಯ ಕಟಾಂಜನಕ್ಕೆ ಅವನ್ನು ಮೊಳೆ ಹೊಡೆದು ಬಿಗಿದರು. ಆ ಕಟಾಂಜನ ನೆಲದಿಂದ ಹತ್ತು ಅಡಿ ಎತ್ತರದಲ್ಲಿತ್ತು. ಇಂದಿಗೂ ಬ್ಯಾಸ್ಕೆಟ್‌ಬಾಲ್ ಬಳೆಯ ಎತ್ತರ ಹತ್ತೇ ಅಡಿ. ಬುಟ್ಟಿಗೆ ತಳವಿದ್ದುದರಿಂದ ಚೆಂಡು ಬಿದ್ದಾಗಲೆಲ್ಲ ಯಾರಾದರೂ ಹತ್ತಿ ತೆಗೆಯಬೇಕಿತ್ತು. ಚೆಂಡು ಸಾಕರ್ ಚೆಂಡು.

1891ರ ಡಿಸೆಂಬರ್ 21ರಂದು ಒಂಬತ್ತೊಂಬತ್ತು ಮಂದಿಯ ಎರಡು ತಂಡಗಳು ಮೊದಲ ಪಂದ್ಯ ಆಡಿದವು. ವಿಲಿಯಂ ಚೇಸ್ ಹಾಕಿದ ಒಂದೇ ಬುಟ್ಟಿಯಿಂದ ಪಂದ್ಯ 1–0 ಅಂತರದಲ್ಲಿ ಮುಗಿಯಿತು. ಆಟಕ್ಕೆ ‘ನೈಸ್ಮಿತ್ ಬಾಲ್’ ಎಂದು ಹೆಸರಿಡೋಣ ಎಂದ ವಿದ್ಯಾರ್ಥಿ ಫ್ರ್ಯಾಂಕ್ ಮಾಹನ್ ಮಾತನ್ನು ಗುರುಗಳು ನಕ್ಕು ತಳ್ಳಿಹಾಕಿದರು. ಅದೇ ವಿದ್ಯಾರ್ಥಿ ಸೂಚಿಸಿದ ‘ಬ್ಯಾಸ್ಕೆಟ್ ಬಾಲ್’ ಉಳಿಯಿತು. 1892ರ ಜನವರಿಯಲ್ಲಿ ಶಾಲೆಯ ಪತ್ರಿಕೆ ‘ದಿ ಟ್ರಯಾಂಗಲ್’ ನಿಯಮಗಳನ್ನು ಅಚ್ಚುಹಾಕಿ ದೇಶದ ವೈಎಂಸಿಎಗಳಿಗೆಲ್ಲ ತಲುಪಿಸಿತು.

ಎರಡು ಹಾಳೆಗಳಲ್ಲಿ ಬೆರಳಚ್ಚಾಗಿ ಫಲಕಕ್ಕೆ ಅಂಟಿದ ಆ ಹದಿಮೂರು ನಿಯಮಗಳಲ್ಲಿ ಪಾದ್ರಿಯೂ ಶಿಕ್ಷಕನೂ ಒಟ್ಟಿಗೆ ಕಾಣುತ್ತಾರೆ. ಚೆಂಡನ್ನು ಹಿಡಿದ ಜಾಗದಿಂದಲೇ ಎಸೆಯಬೇಕು, ಹಿಡಿದು ಓಡುವಂತಿಲ್ಲ. ಚೆಂಡನ್ನು ಮುಷ್ಟಿಯಿಂದ ಗುದ್ದುವಂತಿಲ್ಲ. ಎದುರಾಳಿಯನ್ನು ಭುಜದಿಂದ ನೂಕುವುದು, ಹಿಡಿಯುವುದು, ತಳ್ಳುವುದು, ಕಾಲುಕೊಡುವುದು, ಹೊಡೆಯುವುದು ನಿಷಿದ್ಧ. ಮೊದಲ ಸಲದ ತಪ್ಪಿಗೆ ಫೌಲ್. ಎರಡನೆಯ ಸಲಕ್ಕೆ ಮುಂದಿನ ಗೋಲ್ ಆಗುವವರೆಗೆ ಆಟಗಾರ ಹೊರಗೆ. ಗಾಯ ಮಾಡುವ ಉದ್ದೇಶ ಸ್ಪಷ್ಟವಾಗಿದ್ದರೆ ಇಡೀ ಪಂದ್ಯಕ್ಕೆ ಹೊರಗೆ, ಬದಲಿ ಆಟಗಾರನೂ ಇಲ್ಲ. ಒಂದು ತಂಡ ಸತತ ಮೂರು ಫೌಲ್ ಮಾಡಿದರೆ ಎದುರಾಳಿಗೆ ಒಂದು ಗೋಲ್. ಒಬ್ಬನ ಒರಟುತನಕ್ಕೆ ಇಡೀ ತಂಡ ಬೆಲೆ ತೆರುವ ಈ ಏರ್ಪಾಟಿನಲ್ಲಿ ಸಂಯಮ ಉಪದೇಶವಾಗಿ ಉಳಿಯದೆ ಆಡುವ ರೀತಿಯೇ ಆಯಿತು.

ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಕಲಿತವರು ವೈಎಂಸಿಎ ಕೆಲಸಕ್ಕಾಗಿ ದೇಶದೇಶಗಳಿಗೆ ಹೋದಾಗ ಆಟವೂ ಜೊತೆಗೆ ಹೋಯಿತು. ಮೊದಲ ಪಂದ್ಯ ಆಡಿದವರಲ್ಲಿ ಜಪಾನಿನ ಗೆನ್ಜಾಬುರೊ ಇಶಿಕಾವಾ ಕೂಡ ಒಬ್ಬರು. ಮಹಿಳೆಯರು 1892ರಲ್ಲೇ ಆಡತೊಡಗಿದರು. ಸ್ಪ್ರಿಂಗ್‌ಫೀಲ್ಡ್‌ನ ಮೊದಲ ಆಟಗಾರ್ತಿಯರಲ್ಲಿ ಒಬ್ಬರಾದ ಮಾಡ್ ಶೆರ್ಮನ್ ಅವರನ್ನು ನೈಸ್ಮಿತ್ 1894ರಲ್ಲಿ ಮದುವೆಯಾದರು.

ಕ್ಯಾನ್ಸಸ್‌ನ ನಾಲ್ಕು ದಶಕ

1895ರಲ್ಲಿ ನೈಸ್ಮಿತ್ ಡೆನ್ವರ್ ವೈಎಂಸಿಎ ಸೇರಿದರು. ಅಲ್ಲಿ ಕೆಲಸ ಮಾಡುತ್ತಲೇ ವೈದ್ಯಕೀಯ ಓದಿ 1898ರಲ್ಲಿ ಪದವಿ ಪಡೆದರು. ಅದೇ ವರ್ಷ ಲಾರೆನ್ಸ್‌ನ ಕ್ಯಾನ್ಸಸ್ ವಿಶ್ವವಿದ್ಯಾಲಯಕ್ಕೆ ಪ್ರಾರ್ಥನಾಲಯ ನಡೆಸಿಕೊಡುವವರೂ ದೈಹಿಕ ಶಿಕ್ಷಣ ಕಲಿಸುವವರೂ ಆದ ಒಬ್ಬರೇ ವ್ಯಕ್ತಿ ಬೇಕಾಗಿದ್ದರು. ಸ್ಟಾಗ್ ತಮ್ಮ ಹಳೆಯ ಸಂಗಾತಿಯ ಹೆಸರು ಸೂಚಿಸಿದರು. ದಿನದ ಪ್ರಾರ್ಥನೆ ನಡೆಸುವ ಹೊಣೆ, ವ್ಯಾಯಾಮ ಶಿಕ್ಷಣ, ವಿದ್ಯಾರ್ಥಿಗಳ ಆರೋಗ್ಯ ತಪಾಸಣೆ, ಎಲ್ಲವೂ ನೈಸ್ಮಿತ್ ಹೆಗಲಿಗೆ ಬಂದವು. ಭಾನುವಾರಗಳಲ್ಲಿ ಸುತ್ತಲಿನ ಹಳ್ಳಿಗಳ ಚರ್ಚುಗಳಿಗೂ ಹೋಗಿ ಪ್ರಸಂಗ ಮಾಡುತ್ತಿದ್ದರು.

ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ 1899ರ ಫೆಬ್ರವರಿಯಲ್ಲಿ ಕ್ಯಾನ್ಸಸ್ ಸಿಟಿ ವೈಎಂಸಿಎ ವಿರುದ್ಧ ಮೊದಲ ಪಂದ್ಯ ಆಡಿ 16–5ರಿಂದ ಸೋತಿತು. 1907ರವರೆಗೆ ನೈಸ್ಮಿತ್ ತಂಡವನ್ನು ನೋಡಿಕೊಂಡರು. ಆ ಅವಧಿಯ ಲೆಕ್ಕ 55 ಗೆಲುವು, 60 ಸೋಲು. ಕ್ಯಾನ್ಸಸ್ ತಂಡದ ತರಬೇತುದಾರರಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವವರು ಆಟವನ್ನು ಸೃಷ್ಟಿಸಿದ ಅವರೊಬ್ಬರೇ. ಇದಕ್ಕೆ ಅವರ ನಂಬಿಕೆಯೇ ಕಾರಣ. ಆಟ ಇರುವುದು ಆಡುವುದಕ್ಕೆ, ತಂತ್ರ ಹೂಡಿ ಗೆಲ್ಲಿಸಲು ಒಬ್ಬ ತರಬೇತುದಾರ ಬೇಕಿಲ್ಲ ಎಂದು ಅವರು ತಿಳಿದಿದ್ದರು. ಹಲವು ಪಂದ್ಯಗಳಲ್ಲಿ ತಾವೇ ರೆಫ್ರಿಯಾಗಿ ನಿಂತರು. ಶಿಷ್ಯ ಫಾರೆಸ್ಟ್ ಅಲೆನ್ ಇನ್ನೊಂದು ಕಾಲೇಜಿನ ತರಬೇತುದಾರನಾಗಲು ಹೊರಟಾಗ, ಈ ಆಟವನ್ನು ಯಾರೂ ಕಲಿಸಲಾಗದು, ಆಡಬಹುದಷ್ಟೇ ಎಂದು ನೈಸ್ಮಿತ್ ಅಚ್ಚರಿಪಟ್ಟರು.

ಅಲೆನ್ ಈ ಮಾತನ್ನು ಒಪ್ಪಲಿಲ್ಲ. ಗುರುವಿನ ಬಳಿಕ ಕ್ಯಾನ್ಸಸ್ ತಂಡವನ್ನು ವಹಿಸಿಕೊಂಡ ಅವರು ಒಟ್ಟು 39 ಋತುಗಳಲ್ಲಿ 590 ಪಂದ್ಯ ಗೆಲ್ಲಿಸಿದರು, 1927ರಲ್ಲಿ ಬ್ಯಾಸ್ಕೆಟ್‌ಬಾಲ್ ತರಬೇತುದಾರರ ರಾಷ್ಟ್ರೀಯ ಸಂಘ ಕಟ್ಟಿದರು. ಅಲೆನ್ ಕೈಯಲ್ಲಿ ಆಡಿದ ಅಡಾಲ್ಫ್ ರಪ್ ಕೆಂಟಕಿಯಲ್ಲಿ 876, ಡೀನ್ ಸ್ಮಿತ್ ನಾರ್ತ್ ಕ್ಯಾರೊಲಿನಾದಲ್ಲಿ 879 ಗೆಲುವು ಕಂಡ ತರಬೇತುದಾರರಾದರು. ಡೀನ್ ಸ್ಮಿತ್ ಗರಡಿಯಲ್ಲಿ ಮೈಕೆಲ್ ಜೋರ್ಡಾನ್ ಆಡಿದರು. ತರಬೇತಿಯೇ ಬೇಡವೆಂದ ಗುರುವಿನಿಂದ ಅಮೆರಿಕದ ಅತ್ಯಂತ ಹೆಸರಾದ ತರಬೇತುದಾರರ ಪರಂಪರೆ ಹೊರಟಿತು.

ನೈಸ್ಮಿತ್ ಅವರ ಕೆಲಸ ತಂಡದ ಆಚೆಗೂ ಇತ್ತು. 1916ರಲ್ಲಿ ಕ್ಯಾನ್ಸಸ್ ಪದಾತಿದಳದ ಧರ್ಮಗುರುವಾಗಿ ಮೆಕ್ಸಿಕೊ ಗಡಿಗೆ ಹೋದರು. ಮೊದಲ ಮಹಾಯುದ್ಧದಲ್ಲಿ ವೈಎಂಸಿಎ ಪರವಾಗಿ ಫ್ರಾನ್ಸ್‌ನಲ್ಲಿ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಸೈನಿಕರ ನಡುವೆ ಇದ್ದರು. ಮನೆಯಿಂದ ದೂರವಾದ ತರುಣರನ್ನು ಕುಡಿತ, ಸೂಳೆಗೇರಿಗಳಿಂದ ದೂರವಿಡಲು ಕುಸ್ತಿ, ಮುಷ್ಟಿಯುದ್ಧ, ಚೆಂಡಾಟಗಳನ್ನು ಏರ್ಪಡಿಸಿದರು. 1925ರಲ್ಲಿ ಅಮೆರಿಕದ ಪೌರತ್ವ ಪಡೆದರು.

ಅವರ ಗುರುತನ ಸ್ಪಷ್ಟವಾಗಿ ಕಾಣುವುದು ಜಾನ್ ಮೆಕ್ಲೆಂಡನ್ ಪ್ರಸಂಗದಲ್ಲಿ. ಕಪ್ಪು ಜನಾಂಗದ ಈ ವಿದ್ಯಾರ್ಥಿ 1933ರಲ್ಲಿ ದೈಹಿಕ ಶಿಕ್ಷಣ ಓದಲು ಕ್ಯಾನ್ಸಸ್‌ಗೆ ಬಂದರು. ಬಣ್ಣಭೇದದ ಕಾರಣ ವಿಶ್ವವಿದ್ಯಾಲಯದ ತಂಡದಲ್ಲಿ ಅವರಿಗೆ ಜಾಗವಿರಲಿಲ್ಲ, ಈಜುಕೊಳಕ್ಕೂ ಪ್ರವೇಶವಿರಲಿಲ್ಲ. ತಂದೆಯ ಸಲಹೆಯಂತೆ ನೇರವಾಗಿ ನೈಸ್ಮಿತ್ ಬಳಿಗೆ ಹೋಗಿ, ನೀವೇ ನನ್ನ ಮಾರ್ಗದರ್ಶಕರು ಎಂದರು. ನೈಸ್ಮಿತ್ ಒಪ್ಪಿಕೊಂಡರು. ಓದಿನಲ್ಲಿ ದಾರಿ ತೋರಿದರು, ಈಜುಕೊಳದ ತಡೆ ತೆಗೆಸಲು ಬೆಂಬಲವಾಗಿ ನಿಂತರು, ಶಾಲಾ ತಂಡಗಳಿಗೆ ಆಟ ಕಲಿಸುವ ಅವಕಾಶ ಒದಗಿಸಿದರು. 1936ರಲ್ಲಿ ಪದವಿ ಪಡೆದ ಮೆಕ್ಲೆಂಡನ್ ವೇಗದ ಆಟದ ಶೈಲಿಗೆ ಹೆಸರಾದರು. 1944ರಲ್ಲಿ, ಕರಿಯರೂ ಬಿಳಿಯರೂ ಒಟ್ಟಿಗೆ ಆಡುವುದು ನಿಷಿದ್ಧವಾಗಿದ್ದ ನಾರ್ತ್ ಕ್ಯಾರೊಲಿನಾದಲ್ಲಿ, ಅವರ ತಂಡ ಡ್ಯೂಕ್ ವೈದ್ಯಕೀಯ ಕಾಲೇಜಿನ ಬಿಳಿಯರ ತಂಡದೊಡನೆ ಬಾಗಿಲು ಮುಚ್ಚಿ ಗುಟ್ಟಾಗಿ ಆಡಿ 88–44ರಿಂದ ಗೆದ್ದಿತು. 1957ರಿಂದ 1959ರವರೆಗೆ ಟೆನೆಸಿಯ ತಂಡಕ್ಕೆ ಸತತ ಮೂರು ಸಲ ಕಾಲೇಜು ಕ್ರೀಡಾಸಂಘವಾದ ಎನ್‌ಎಐಎಯ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟರು.

ಬರ್ಲಿನ್ ಮತ್ತು ಕೊನೆಯ ದಿನಗಳು

ಆಟದಿಂದ ನೈಸ್ಮಿತ್ ಹಣ ಮಾಡಲಿಲ್ಲ, ಪ್ರಾಧ್ಯಾಪಕನ ಸಂಬಳದಲ್ಲೇ ಐದು ಮಕ್ಕಳ ಸಂಸಾರ ತೂಗಿಸಿದರು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬ್ಯಾಸ್ಕೆಟ್‌ಬಾಲ್ ಮೊದಲ ಬಾರಿ ಪದಕದ ಕ್ರೀಡೆಯಾದಾಗ ಅಲ್ಲಿಗೆ ಹೋಗುವ ಖರ್ಚು ಅವರ ಕೈಮೀರಿತ್ತು. ತರಬೇತುದಾರರ ಸಂಘ ಆ ಫೆಬ್ರವರಿಯ ಒಂದು ವಾರ ದೇಶದ ಪಂದ್ಯಗಳ ಪ್ರತಿ ಟಿಕೆಟ್ಟಿನಿಂದ ಒಂದೊಂದು ಸೆಂಟ್ ಕೂಡಿಸಿ ಗುರುವನ್ನು ಬರ್ಲಿನ್‌ಗೆ ಕಳಿಸಿತು. ಎಸ್ಟೋನಿಯಾ–ಫ್ರಾನ್ಸ್ ನಡುವಿನ ಮೊದಲ ಪಂದ್ಯಕ್ಕೆ ಅವರೇ ಚೆಂಡು ಹಾರಿಸಿದರು. ತೆರೆದ ಬಯಲಿನ ಅಂಗಳದಲ್ಲಿ ಮಳೆಯ ಕೆಸರಿನ ನಡುವೆ ನಡೆದ ಫೈನಲ್‌ನಲ್ಲಿ ಅವರ ಆಗಿನ ದೇಶ ಅಮೆರಿಕ ಹುಟ್ಟಿದ ದೇಶ ಕೆನಡಾವನ್ನು 19–8ರಿಂದ ಸೋಲಿಸಿತು. ಪದಕಗಳನ್ನು ಅವರ ಕೈಯಿಂದಲೇ ಕೊಡಿಸಲಾಯಿತು.

1937ರಲ್ಲಿ ಅವರು ನಿವೃತ್ತರಾದರು. ಅದೇ ವರ್ಷ ಪತ್ನಿ ಮಾಡ್ ತೀರಿಕೊಂಡರು. 1939ರ ಜೂನ್‌ನಲ್ಲಿ ಫ್ಲಾರೆನ್ಸ್ ಕಿಂಕೇಡ್ ಅವರನ್ನು ವರಿಸಿದರು. ಆ ನವೆಂಬರ್‌ನಲ್ಲಿ ಮಿದುಳಿನ ರಕ್ತಸ್ರಾವವಾಗಿ ಕೊನೆಯುಸಿರೆಳೆದರು. ಲಾರೆನ್ಸ್‌ನ ಮೆಮೋರಿಯಲ್ ಪಾರ್ಕ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಆಟದ ಹುಟ್ಟು ಮತ್ತು ಬೆಳವಣಿಗೆ ಕುರಿತು ಅವರು ಬರೆದಿಟ್ಟಿದ್ದ ಪುಸ್ತಕ 1941ರಲ್ಲಿ ಪ್ರಕಟವಾಯಿತು.

ನೆನಪಿನ ಕುರುಹುಗಳು

ನೈಸ್ಮಿತ್ ಸ್ಮರಣೆಯನ್ನು ಮೂರು ಊರುಗಳು ಮುಖ್ಯವಾಗಿ ಕಾಪಾಡಿಕೊಂಡು ಬಂದಿವೆ. ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅವರ ಹೆಸರಿನ ಬ್ಯಾಸ್ಕೆಟ್‌ಬಾಲ್ ಕೀರ್ತಿಭವನವಿದೆ. 1959ರಲ್ಲಿ ಮೊದಲ ಗೌರವಕ್ಕೆ ಆಯ್ಕೆಯಾದವರ ಸಾಲಿನಲ್ಲಿ ಅವರೂ ಇದ್ದರು. 1968ರಲ್ಲಿ ಕಟ್ಟಡ ಸಾರ್ವಜನಿಕರಿಗೆ ತೆರೆಯಿತು. ಮುಂದೆ ಮೆಕ್ಲೆಂಡನ್ ಕೂಡ ಅದೇ ಭವನದ ಗೌರವಕ್ಕೆ ಪಾತ್ರರಾದರು. ಲಾರೆನ್ಸ್‌ನಲ್ಲಿ ಕ್ಯಾನ್ಸಸ್ ತಂಡ ಆಡುವ ಕ್ರೀಡಾಂಗಣಕ್ಕೆ ಶಿಷ್ಯ ಅಲೆನ್ ಹೆಸರು, ಅದರೊಳಗಿನ ಅಂಗಳಕ್ಕೆ ಗುರುವಿನ ಹೆಸರು. ಹದಿಮೂರು ನಿಯಮಗಳ ಮೂಲ ಹಾಳೆಗಳು 2010ರ ಹರಾಜಿನಲ್ಲಿ 43 ಲಕ್ಷ ಡಾಲರಿಗೆ ಮಾರಾಟವಾದವು. ಕೊಂಡ ಹಳೆಯ ವಿದ್ಯಾರ್ಥಿ ಅವನ್ನು ವಿಶ್ವವಿದ್ಯಾಲಯಕ್ಕೆ ತಲುಪಿಸಿದರು, ಈಗ ಅವು ಅಲ್ಲೇ ಪ್ರದರ್ಶನದಲ್ಲಿವೆ. ಅಲ್ಮಾಂಟ್‌ನಲ್ಲಿ ಅವರ ಪ್ರತಿಮೆಯಿದೆ. ಪುರುಷರ ವಿಶ್ವಕಪ್ ವಿಜೇತರಿಗೆ ಕೊಡುವ ಟ್ರೋಫಿಯ ಹೆಸರು ನೈಸ್ಮಿತ್ ಟ್ರೋಫಿ.

ಭಾರತಕ್ಕೂ ಸ್ಪ್ರಿಂಗ್‌ಫೀಲ್ಡ್‌ನ ನೇರ ನಂಟುಂಟು. ಅಲ್ಲಿ ಓದಿದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಶಾಲೆ ತೆರೆದರು. 1943ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬೆಳೆಸಿದರು. ದಕ್ಷಿಣ ಭಾರತದ ಶಾಲೆಗಳಿಗೆ ತರಬೇತಿ ಪಡೆದ ದೈಹಿಕ ಶಿಕ್ಷಕರು ಈ ಸಂಸ್ಥೆಯಿಂದ ಹೊರಟರು. ಕರ್ನಾಟಕದ ಹಳ್ಳಿಹಳ್ಳಿಯ ಬಯಲಿನಲ್ಲಿ ಸಂಜೆ ಆಡುವ ವಾಲಿಬಾಲ್ ಕೂಡ ಇದೇ ಮನೆತನದ್ದು. 1895ರಲ್ಲಿ ಅದನ್ನು ರೂಪಿಸಿದ ವಿಲಿಯಂ ಮಾರ್ಗನ್ ಸ್ಪ್ರಿಂಗ್‌ಫೀಲ್ಡ್ ಶಾಲೆಯಲ್ಲಿ ಕಲಿತವರು, ನೈಸ್ಮಿತ್ ಪರಿಚಯವಿದ್ದವರು.

ಒಬ್ಬ ತರಬೇತುದಾರನ ಯೋಗ್ಯತೆಯನ್ನು ಗೆಲುವು–ಸೋಲುಗಳ ಪಟ್ಟಿಯಿಂದ ಅಳೆಯುವ ರೂಢಿ ನೈಸ್ಮಿತ್ ವಿಷಯದಲ್ಲಿ ಸಲ್ಲುವುದಿಲ್ಲ. ಐದು ಪಂದ್ಯಗಳಷ್ಟು ಸೋಲೇ ಹೆಚ್ಚಿದ್ದ ಈ ಗುರುವಿನಿಂದ ಜಗತ್ತಿಗೆ ಒಂದು ಆಟ ಸಿಕ್ಕಿತು, ಆ ಆಟಕ್ಕೆ ಅಲೆನ್‌ರಂಥ, ಮೆಕ್ಲೆಂಡನ್‌ರಂಥ ಗುರುಗಳು ಸಿಕ್ಕರು. ಮಾಂಟ್ರಿಯಲ್‌ನಲ್ಲಿ ಪ್ರಸಂಗಪೀಠ ಬಿಟ್ಟು ಹೊರಟಾಗ ಅವರು ಹೂಡಿದ್ದ ಗುರಿ ಯುವಕರನ್ನು ತಲುಪುವುದು. ಅದನ್ನು ಅವರು ಪೂರ್ಣವಾಗಿ ಸಾಧಿಸಿದರು.